ದೇವರಿಗೆ ಬಿಟ್ಟ ಗಿಟಾರ್

ಚಳ್ಳಕೆರೆ
8 ಜೂನ್ 1997

ಪ್ರಿಯ ಓಬಳೇಶ,

ಕೈಬರಹ ನೋಡಿದ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಪೂರ್ತಿ ಓದಿ ಆಮೇಲೆ ಹಾಕು. ನಾನು ತಿಪ್ಪೇರುದ್ರ. ಜಂಬುಲಿಂಗಪ್ಪನವರ ಆರ್ಕೆಸ್ಟ್ರಾದಲ್ಲಿ ನಿನ್ನ ಎಡಗಡೆ ನಿಂತು ರಿದಮ್ ಗಿಟಾರ್ ಬಾರಿಸುತ್ತಿದ್ದವನು, ಆಂಪ್ಲಿಫೈಯರ್ ಕೈಕೊಟ್ಟಾಗ ಸ್ಕ್ರೂಡ್ರೈವರ್ ಹಿಡಿದು ಓಡುತ್ತಿದ್ದವನು. ನಾವು ಮಾತಾಡಿ ಹನ್ನೊಂದು ವರ್ಷವಾಯಿತು. ಮೊನ್ನೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯವರೊಬ್ಬರು ಬೋರ್‌ವೆಲ್ ಮೋಟಾರನ್ನು ವೈಂಡಿಂಗಿಗೆಂದು ನನ್ನ ಅಂಗಡಿಗೆ ತಂದಿದ್ದರು. ನೀನು ಸಿದ್ದಾಪುರದಲ್ಲಿ ಮೇಷ್ಟ್ರಾಗಿದ್ದೀಯ, ಮದುವೆಯಾಗಿದೆ ಎಂದು ಅವರೇ ಹೇಳಿದರು. ಮದುವೆಗೆ ಕರೆಯಲಿಲ್ಲ ಎಂದು ಜಗಳ ತೆಗೆಯೋಣವೆಂದರೆ ನನ್ನ ಮದುವೆಗೆ ನಾನೂ ನಿನ್ನನ್ನು ಕರೆದಿಲ್ಲ. ಸರಿಗೆ ಸರಿಯಾಯಿತು ಬಿಡು.

ವಿಷಯಕ್ಕೆ ಬರುತ್ತೇನೆ. ನನಗೊಂದು ಹುಚ್ಚು ಹತ್ತಿದೆ. ಹಳೆಯ ಜಪಾನ್ ಗಿಟಾರ್ ಕೂಡಿಸುವ ಹುಚ್ಚು. ನಮ್ಮ ಕಾಲದಲ್ಲಿ ಊರಿಗೊಂದು ಆರ್ಕೆಸ್ಟ್ರಾ ಇತ್ತಲ್ಲ, ಟೀವಿ, ಕ್ಯಾಸೆಟ್ಟು ಬಂದ ಮೇಲೆ ಎಲ್ಲ ಮುಚ್ಚಿಹೋದವು. ಡ್ರಮ್ಮುಗಳು ಬ್ಯಾಂಡ್ ಸೆಟ್ಟಿನವರ ಪಾಲಾದವು. ಎಲೆಕ್ಟ್ರಿಕ್ ಗಿಟಾರ್ ಯಾರಿಗೆ ಬೇಕು ಹೇಳು? ಒಂದು ಬಳ್ಳಾರಿಯ ಗುಜರಿಯಲ್ಲಿ ಸಿಕ್ಕಿತು, ಇನ್ನೊಂದು ದಾವಣಗೆರೆಯ ಸೈಕಲ್ ಶಾಪಿನ ಅಟ್ಟದ ಮೇಲೆ. ಹೊಸಪೇಟೆಯ ಒಬ್ಬ ಪುಣ್ಯಾತ್ಮ ಅದನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೊಟ್ಟಿದ್ದ! ಈಗ ಒಂಬತ್ತಾಗಿವೆ. ನನ್ನ ಹೆಂಡತಿ ರೇಣುಕಮ್ಮ, "ಮನೇಲಿ ಮನುಷ್ಯರು ಮಲಗೋಕೆ ಜಾಗ ಇಲ್ಲ, ಇವಕ್ಕೆ ಮಂಚ ಬೇರೆ ಕೇಡು" ಎಂದು ದಿನಕ್ಕೊಮ್ಮೆ ಅನ್ನುತ್ತಾಳೆ. ಅಂದುಕೊಂಡೇ ಅವುಗಳ ಮೇಲೆ ಹಳೆ ಸೀರೆ ಹೊದಿಸುತ್ತಾಳೆ.

ತಂದದ್ದನ್ನು ಹಾಗೇ ಇಡುವ ಜಾತಿಯವನಲ್ಲ ನಾನು, ನಿನಗೇ ಗೊತ್ತು. ತಂತಿ ಬಿಗಿಮಾಡುವ ಕೀಗಳು ಸವೆದಿದ್ದರೆ ತೆಗೆದು ಬೆಂಗಳೂರಿನಿಂದ ತರಿಸಿದ ಹೊಸವನ್ನು ಹಾಕುತ್ತೇನೆ. ತಂತಿ ಕೂರುವ ಪಟ್ಟಿಯನ್ನು ಎಮ್ಮೆ ಕೊಂಬಿನಲ್ಲಿ ಕೊರೆಯುತ್ತೇನೆ. ತಂತಿಯ ಅಡಿಯಲ್ಲಿ ಕೂತು ಅದರ ದನಿಯನ್ನು ಆಂಪ್ಲಿಫೈಯರಿಗೆ ದಾಟಿಸುವ ಪಿಕಪ್ಪು ಅಂದರೆ ಏನು, ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ತಾನೇ? ಮೋಟಾರು ಸುತ್ತುವವನಿಗೆ ಅದೇನು ಮಹಾ ಎಂದು ಮೊದಲನೆಯದನ್ನು ಕೂದಲಿಗಿಂತ ಸಣ್ಣ ತಂತಿಯಲ್ಲಿ ಸುತ್ತಿ, ಅಭ್ಯಾಸಬಲದಿಂದ ಪಂಪ್‌ಸೆಟ್ಟಿನ ಸುರುಳಿಯ ಹಾಗೆ ವಾರ್ನಿಷಿನಲ್ಲಿ ಅದ್ದಿ ಬೇಯಿಸಿಬಿಟ್ಟೆ. ಪ್ಲಾಸ್ಟಿಕ್ಕು ಬೆಲ್ಲದ ಪಾಕದಂತೆ ಹರಿದುಹೋಯಿತು. ಈಗ ಕೈ ಪಳಗಿದೆ. ಯಾವುದೇ ಗಿಟಾರ್ ಬರಲಿ, ಮೊದಲು ಅದರ ಅರ್ತಿಂಗ್ ವೈರನ್ನು ಸರಿಮಾಡಿಯೇ ಮುಂದಿನ ಕೆಲಸ.

ನಿನ್ನ ಕೆಂಪು ಗಿಟಾರ್ ಇದೆಯಾ? ನಾಲ್ಕು ಪಿಕಪ್ಪಿನದು, ನಿಮ್ಮವ್ವ ಎಂಟು ಕುರಿ ಮಾರಿ ಬೊಂಬಾಯಿಂದ ತರಿಸಿಕೊಟ್ಟದ್ದು. ಹುಚ್ಚು ಹತ್ತಿದ ಈ ಆರು ವರ್ಷದಲ್ಲಿ ಅಂಥದು ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಡುವುದಾದರೆ ನೀನು ಹೇಳಿದ ಬೆಲೆ. ಕೊಡದಿದ್ದರೆ ಒಮ್ಮೆ ನೋಡಲಾದರೂ ಬಿಡು.

ನಿನ್ನ
ತಿಪ್ಪೇರುದ್ರ


ಸಿದ್ದಾಪುರ
2 ಜುಲೈ 1997

ತಿಪ್ಪೇರುದ್ರನಿಗೆ,

ಕಾಗದವನ್ನು ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಗ್ಯಾಸ್ ಬಂದಿದೆ.

ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ಶಾಲೆಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗಿ ಮಧ್ಯಾಹ್ನ ಮತ್ತೊಮ್ಮೆ ಓದಿದೆ. ಆದರೆ ಗಿಟಾರ್ ಕೊಡುವುದಕ್ಕಾಗುವುದಿಲ್ಲ. ಅದು ನನ್ನದಲ್ಲ, ದೇವರದು.

ನಿನಗೆ ಇದು ಗೊತ್ತಿಲ್ಲ. ಬಳ್ಳಾರಿ ಆಸ್ಪತ್ರೆಗೆ ನನ್ನನ್ನು ಸೇರಿಸಿದ ದಿನ ಬಂದವನು ಆಮೇಲೆ ನೀನು ಬರಲೇ ಇಲ್ಲ. ರಾಂಪುರದ ಗಣೇಶನ ಪೆಂಡಾಲಿನಲ್ಲಿ ಅವತ್ತು ಸಂಜೆ, ಮೂರನೆಯ ಹಾಡಿಗೆ ನಾನು ಮೈಕಿನ ಹತ್ತಿರ ಬಾಯಿ ತಂದೆ. ಅಷ್ಟೇ ನೆನಪು. ಮೂರು ದಿನ ಎಚ್ಚರವಿರಲಿಲ್ಲವಂತೆ. ಆಗ ನಮ್ಮವ್ವ ಹರಕೆ ಹೊತ್ತಳು. ದೇವರೇ, ನನ್ನ ಮಗ ಎದ್ದು ಕೂತರೆ ಆ ವಾದ್ಯವನ್ನು ನಿನಗೆ ಬಿಡುತ್ತೇನೆ ಎಂದು. ನಾನು ಎದ್ದು ಕೂತೆ. ನಮ್ಮಲ್ಲಿ ದೇವರಿಗೆ ಬಿಟ್ಟ ಎತ್ತಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಹಾಗೆಯೇ ಇದೂ. ದೇವರ ಪೆಟ್ಟಿಗೆ ಇಡುವ ಕೋಣೆಯಲ್ಲಿ ಕಂಬಳಿ ಸುತ್ತಿ ತೂಗುಹಾಕಿದೆ. ಹಬ್ಬಕ್ಕೆ ಕುಂಕುಮ ಇಟ್ಟು ಊದುಬತ್ತಿ ಬೆಳಗುತ್ತಾರೆ. ಅದರ ತಂತಿಯನ್ನು ಯಾರೂ ಮೀಟುವುದಿಲ್ಲ. ನಾನು ಬೇರೆ ಯಾವ ಗಿಟಾರನ್ನೂ ಮುಟ್ಟಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವಾಗ ಕೈತಾಳ ಹಾಕಿಸುತ್ತೇನೆ.

ಇದನ್ನು ನಿನಗೆ ಹೇಳಬಹುದು, ಏಕೆಂದರೆ ನೀನೂ ಅಲ್ಲಿದ್ದೆ. ಆ ಮಧ್ಯಾಹ್ನ ರಾಂಪುರ ಬಸ್ ಸ್ಟ್ಯಾಂಡಿನ ಗಾಡಿಯ ಹತ್ತಿರ ಎಲ್ಲರೂ ಆಮ್ಲೆಟ್ ತಿನ್ನುತ್ತಿದ್ದಿರಿ. ನಮ್ಮ ಮನೆತನದಲ್ಲಿ ಕೋಳಿ, ಮೊಟ್ಟೆ ಮುಟ್ಟುವುದಿಲ್ಲ ಎಂಬುದು ನಿನಗೆ ಗೊತ್ತಿತ್ತು. ನೀನು, "ಒಂದು ತಿಂದ್ರೆ ನಿಮ್ಮ ದೇವರೇನು ಬಸ್ ಹತ್ಕೊಂಡು ಬರ್ತಾನೇನಲೇ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕು ತಿಂದೆ. ಸಂಜೆಗೆ ಕರೆಂಟ್ ಹೊಡೆಯಿತು. ನಿನ್ನನ್ನು ದೂರುತ್ತಿಲ್ಲ, ಬಾಯಿ ನನ್ನದು. ಆಸ್ಪತ್ರೆಯಲ್ಲೇ ಅವ್ವನ ಮುಂದೆ ಒಪ್ಪಿಕೊಂಡೆ. ವರ್ಷಕ್ಕೊಮ್ಮೆ ಆ ಕೋಣೆಯಲ್ಲಿ ಅಡ್ಡಬಿದ್ದು ತಪ್ಪಾಯಿತು ಅನ್ನುತ್ತೇನೆ.

ಎಡಗೈ ಬೆರಳ ತುದಿಯ ಗಟ್ಟಿ ಚರ್ಮ ಈಗ ಹೋಗಿದೆ. ಮೊದಮೊದಲು ಅದನ್ನು ನೋಡಿಕೊಂಡರೆ ಅಳು ಬರುತ್ತಿತ್ತು.

ಓಬಳೇಶ್


ಚಳ್ಳಕೆರೆ
15 ಜುಲೈ 1997

ಪ್ರಿಯ ಓಬಳೇಶ,

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮೋಟಾರು ಕೊಟ್ಟಿದ್ದ ರೈತರು ಮನೆಯ ಮುಂದೆ ನಿಂತು ಬೈದುಹೋದರು. ಜ್ವರ ಎಂದು ರೇಣುಕಮ್ಮನ ಕೈಲಿ ಹೇಳಿಸಿದೆ. ಏನಾಯ್ತು ಎಂದು ಅವಳು ಕೇಳಿದಾಗಲೂ ಜ್ವರ ಎಂದೆ.

ಆಮ್ಲೆಟ್ ತಿಂದರೆ ಕರೆಂಟ್ ಹೊಡೆಯುವುದಿಲ್ಲ ಕಣೋ ಮಾರಾಯ. ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಹೊಡೆಯುವ ಹಾಗಿದ್ದರೆ ಈ ಚಳ್ಳಕೆರೆಯಲ್ಲಿ ಒಬ್ಬನೂ ಬದುಕಿರುತ್ತಿರಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ಬೇರೆ ಮಾತಾಡುತ್ತೇನೆ. ಚಿತ್ರದುರ್ಗದಿಂದ ಹತ್ತನೆಯದೊಂದು ಬಂದಿದೆ. ಮೈ ತಿಳಿನೀಲಿ, ಎರಡು ಪಿಕಪ್ಪು, ಹಗುರ ಮರ. ಹಿಡಿಕೆ ಬಿಲ್ಲಿನ ಹಾಗೆ ಬಾಗಿತ್ತು. ಒಳಗಿನ ಕಬ್ಬಿಣದ ಸರಳನ್ನು ದಿನಕ್ಕೆ ಕಾಲು ಸುತ್ತು ತಿರುಗಿಸುತ್ತ ನೆಟ್ಟಗೆ ತಂದೆ. ಆತುರ ಮಾಡಿದರೆ ಮುರಿಯುತ್ತದೆ. ಒಂದು ಪಿಕಪ್ಪು ಸತ್ತಿತ್ತು, ಸುತ್ತಿದೆ. ಇನ್ನೊಂದನ್ನು ಮುಟ್ಟಲಿಲ್ಲ. ಅದರಲ್ಲೊಂದು ಒಗರು ದನಿ ಇದೆ, ಈಗಿನವುಗಳಲ್ಲಿ ಸಿಗುವುದಿಲ್ಲ. ಮೊದಲು ನಾನು ಎಲ್ಲವನ್ನೂ ಬಿಚ್ಚಿ ಹೊಸದು ಹಾಕಿಬಿಡುತ್ತಿದ್ದೆ, ಕಾರು ರಿಪೇರಿಯವರ ಹಾಗೆ. ಈಗ ಏನನ್ನು ಬದಲಾಯಿಸಬಾರದು ಎಂದು ಯೋಚಿಸುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.

ಕೆಂಪು ಗಿಟಾರ್ ಬೇಡ. ಕೇಳಿದ್ದೇ ತಪ್ಪು. ಆದರೆ ಒಮ್ಮೆ ಬಂದು ಅದರ ಧೂಳು ಒರೆಸಿ ಹೋಗಬಹುದೇ? ತುಕ್ಕು ಹಿಡಿದು ಹಾಳಾದರೆ ದೇವರಿಗೂ ಒಳ್ಳೆಯದಲ್ಲ. ಅವ್ವನನ್ನು ಕೇಳು.

ನಿನ್ನ
ತಿಪ್ಪೇರುದ್ರ


ಸಿದ್ದಾಪುರ
20 ಆಗಸ್ಟ್ 1997

ಪ್ರಿಯ ತಿಪ್ಪೇರುದ್ರ,

ಅವ್ವನನ್ನು ಕೇಳಿದೆ. ಒಂದು ತಿಂಗಳು ಯೋಚನೆ ಮಾಡಿದಳು. "ಯಾರು, ಆ ಉದ್ದ ಮೂಗಿನ ಹುಡುಗನಾ? ಬರ್ಲಿ ಬಿಡು. ಸ್ನಾನ ಮಾಡ್ಕೊಂಡು ಬರ್ಲಿ. ಚರ್ಮದ ಮೆಟ್ಟು ಹೊರಗೆ ಬಿಡ್ಲಿ. ಒರೆಸಲಿ, ಎಣ್ಣೆ ಹಾಕಲಿ, ತಂತಿ ಮಾತ್ರ ಮೀಟಬಾರದು" ಎಂದಳು. ನಿನಗೆ ಮೂವತ್ತೈದಾಗಿದೆ ಎಂದರೂ ಅವಳಿಗೆ ನೀನು ಹುಡುಗನೇ.

ಸೆಪ್ಟೆಂಬರ್ ಮೊದಲ ಭಾನುವಾರ ಬಾ. ಮೊಳಕಾಲ್ಮೂರಿನಲ್ಲಿ ಇಳಿದರೆ ಅಶೋಕನ ಶಾಸನದ ಬಂಡೆ ನೋಡಲು ಬರುವವರ ಆಟೋ ಸಿಗುತ್ತದೆ. ಸಿಗದಿದ್ದರೆ ನಾನೇ ಸೈಕಲ್ ತರುತ್ತೇನೆ. ಮೊದಲಿನ ಹಾಗೆ ನೀನೇ ತುಳಿಯಬೇಕು.

ನನ್ನ ಹೆಂಡತಿ ಸರ್ವಮಂಗಳ ನೀನು ಊಟಕ್ಕೆ ಏನು ತಿನ್ನುತ್ತೀಯ ಎಂದು ಕೇಳಿದಳು. ಏನು ಹಾಕಿದರೂ ತಿನ್ನುತ್ತಾನೆ, ಬೇರೆಯವರಿಗೂ ತಿನ್ನಿಸುತ್ತಾನೆ ಎಂದೆ. ಸಿಟ್ಟು ಮಾಡಿಕೊಳ್ಳಬೇಡ, ತಮಾಷೆಗೆ ಹೇಳಿದ್ದು.

ನಿನ್ನ ಒಂದು ಮಾತು ಮಾತ್ರ ತಲೆಯಲ್ಲಿ ಕೂತಿದೆ. ಆಮ್ಲೆಟ್‌ನಿಂದ ಕರೆಂಟ್ ಹೊಡೆಯುವುದಿಲ್ಲ ಎಂದೆಯಲ್ಲ. ಮತ್ತೆ ಯಾವುದರಿಂದ? ಅದೇ ಗಿಟಾರ್, ಅದೇ ಆಂಪ್ಲಿಫೈಯರ್, ಅದೇ ಮೈಕು. ಅದಕ್ಕೆ ಮುಂಚೆ ನೂರಾರು ಸಲ ಆ ಮೈಕಿಗೆ ಬಾಯಿ ಕೊಟ್ಟಿದ್ದೇನೆ. ಆ ಒಂದು ದಿನ ಮಾತ್ರ ಹೊಡೆಯಿತು. ಮಾರನೆಯ ದಿನ ಜಂಬುಲಿಂಗಪ್ಪನವರು ರಾಂಪುರದ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಲ್ಲ ಬಿಚ್ಚಿಸಿ ನೋಡಿಸಿದರಂತೆ. ಒಂದು ವೈರೂ ತಪ್ಪಿರಲಿಲ್ಲವಂತೆ. ನಾನು ದಡ್ಡನಲ್ಲ, ತಿಪ್ಪ. ಬೇರೆ ಕಾರಣ ಸಿಕ್ಕಿದ್ದರೆ ನಾನೂ ಅದನ್ನೇ ನಂಬುತ್ತಿದ್ದೆ.

ನಿನ್ನ
ಓಬಳೇಶ್


ಚಳ್ಳಕೆರೆ
14 ಸೆಪ್ಟೆಂಬರ್ 1997

ಓಬಳೇಶ,

ಕಳೆದ ಭಾನುವಾರ ನಿಮ್ಮನೆಯಿಂದ ಹೊರಟಾಗ ಅವ್ವ, "ಯಾಕಪ್ಪಾ ಒಂದೇ ಮುದ್ದೆಗೆ ಕೈ ತೊಳೆದೆ, ಸಾರು ಚೆನ್ನಾಗಿರಲಿಲ್ವಾ" ಎಂದು ಕೇಳಿದರು. ಸಾರು ಚೆನ್ನಾಗಿತ್ತು.

ಆ ಕೋಣೆಯಲ್ಲಿ ನೀನು ಕಂಬಳಿ ಬಿಚ್ಚಿ ಗಿಟಾರನ್ನು ನನ್ನ ಕೈಗೆ ಕೊಟ್ಟೆ. ಕೊಟ್ಟು ಹಿಂದೆ ಸರಿದು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. ನಾನು ಅದನ್ನು ಒರೆಸುವಷ್ಟು ಹೊತ್ತೂ ನೀನು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಅದರ ಹಿಡಿಕೆಯನ್ನು. ಹತ್ತು ಗಿಟಾರ್ ಬಿಚ್ಚಿ ಕಟ್ಟಿದ ಈ ಕೈಯಿಂದ ಅದರ ಒಂದು ಸ್ಕ್ರೂ ಕೂಡ ತಿರುಗಿಸಲು ಆಗಲಿಲ್ಲ. ಎಷ್ಟೋ ಸಲ ಬಾಯಿ ತೆರೆದೆ. ಸರ್ವಮಂಗಳಮ್ಮ ಮಜ್ಜಿಗೆ ತಂದರು, ನೀನು ಶಾಲೆಯ ಕತೆ ಹೇಳಿದೆ, ಅವ್ವ ನನ್ನ ಮಕ್ಕಳ ಹೆಸರು ಕೇಳಿದರು. ಹೇಳದೆ ಬಸ್ ಹತ್ತಿದೆ. ಹೇಡಿ ನಾನು.

ಈಗ ಹೇಳುತ್ತೇನೆ. ರಾಂಪುರದಲ್ಲಿ ಅವತ್ತು ನಿನ್ನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಜಂಬುಲಿಂಗಪ್ಪನವರು, "ಏನೋ ಇದು ಜೇನುಗೂಡು! ಹಾಡಿಗಿಂತ ಇದೇ ಜೋರಾಗೈತೆ" ಎಂದು ಎಲ್ಲರ ಮುಂದೆ ರೇಗಿದರು. ನನಗೆ ಅವಮಾನವಾಯಿತು. ಪ್ಲಗ್ ಬಿಚ್ಚಿ ಅರ್ತಿಂಗ್ ವೈರು ಕಿತ್ತೆ. ಗುಂಯ್ ಸದ್ದು ನಿಂತಿತು. ಜಂಬುಲಿಂಗಪ್ಪನವರು ಬೆನ್ನು ತಟ್ಟಿದರು. ಒಳಗೆ ಎಲ್ಲೋ ಕರೆಂಟ್ ಸೋರುತ್ತಿತ್ತು ಓಬಳೇಶ, ಅದಕ್ಕೇ ಆ ಸದ್ದು. ನೆಲಕ್ಕೆ ಹೋಗಬೇಕಾದ ಕರೆಂಟಿನ ದಾರಿಯನ್ನು ನಾನು ಮುಚ್ಚಿದೆ. ಅದು ಆಂಪ್ಲಿಫೈಯರಿನ ಮೈಗೆ ಬಂತು, ಅಲ್ಲಿಂದ ನಿನ್ನ ತಂತಿಗೆ. ನಿನ್ನ ಕೈ ತಂತಿಯ ಮೇಲಿತ್ತು, ಬಾಯಿ ಮೈಕಿಗೆ ತಾಗಿತು. ಹೋಗಲು ಅದಕ್ಕೆ ನೀನೊಬ್ಬನೇ ದಾರಿ.

ನಿನ್ನನ್ನು ಜೀಪಿನಲ್ಲಿ ಹಾಕಿದಾಗಲೇ ನನಗೆ ತಿಳಿಯಿತು. ಆಸ್ಪತ್ರೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ರಾಂಪುರಕ್ಕೆ ವಾಪಸು ಬಂದೆ. ಎಲೆಕ್ಟ್ರಿಷಿಯನ್ ಬರುವುದಕ್ಕೆ ಮುಂಚೆ ಆ ವೈರನ್ನು ಮತ್ತೆ ಸೇರಿಸಿ ಪ್ಲಗ್ ಮುಚ್ಚಿದೆ. ಅವನಿಗೆ ಏನೂ ಸಿಗಲಿಲ್ಲ. ಮತ್ತೆ ಆಸ್ಪತ್ರೆಗೆ ಬರುವ ಮುಖ ನನಗಿರಲಿಲ್ಲ. ನೀನು ಬದುಕಿದೆ ಎಂದು ಕೇಳಿದ ದಿನ ಸಂತೆಯ ನಡುವೆ ಕೂತು ಅತ್ತೆ. ಆಮೇಲೆ ನಿನ್ನ ದಾರಿಗೇ ಬರಲಿಲ್ಲ. ನಿನಗೆ ಅದು ಮರೆತಿರಬೇಕು, ಕೆಟ್ಟ ಕರೆಂಟು ಎಂದು ಸುಮ್ಮನಾಗಿರಬೇಕು ಎಂದುಕೊಂಡಿದ್ದೆ. ನೀನು ಒಂದು ಆಮ್ಲೆಟ್ಟನ್ನು ಹಿಡಿದುಕೊಂಡು ಹನ್ನೊಂದು ವರ್ಷ ಅಡ್ಡಬೀಳುತ್ತಿದ್ದೀಯ ಎಂದು ಕನಸಿನಲ್ಲೂ ಗೊತ್ತಿರಲಿಲ್ಲ. ದೇವರಾಣೆ.

ತಪ್ಪು ನಿನ್ನದಲ್ಲ. ಇದೊಂದು ಸಾಲನ್ನಾದರೂ ನಂಬು.

ತಿಪ್ಪೇರುದ್ರ


ಸಿದ್ದಾಪುರ
30 ನವೆಂಬರ್ 1997

ತಿಪ್ಪೇರುದ್ರನಿಗೆ,

ನಿನ್ನ ಮೂರು ಕಾರ್ಡುಗಳೂ ಬಂದಿವೆ. ಉತ್ತರ ಬರೆಯಲು ಕೂತಾಗಲೆಲ್ಲ ಬರೆದದ್ದನ್ನು ಹರಿದುಹಾಕಿದೆ.

ವೈರು ಕಿತ್ತದ್ದನ್ನು ಕ್ಷಮಿಸಬಲ್ಲೆ. ನಾವು ಆಗ ಹುಡುಗರು. ಆ ಗುಂಯ್ ಸದ್ದು ನನಗೂ ಬೇಡವಾಗಿತ್ತು. ಏನಾದರೂ ಮಾಡೋ ಎಂದು ನಾನೇ ನಿನಗೆ ಹೇಳಿರಬಹುದು. ಆದರೆ ಮಾರನೆಯ ದಿನ ಬಂದು ಅದನ್ನು ಮತ್ತೆ ಸೇರಿಸಿದೆಯಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ. ನಾನು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನೀನು ಪ್ಲಗ್ಗಿನ ಸ್ಕ್ರೂ ಬಿಗಿ ಮಾಡುತ್ತಿದ್ದೆ.

ಎಷ್ಟು ಸಲ ಊಟಕ್ಕೆ ಕೂತು ನನ್ನ ಬಾಯಿಯನ್ನು ನಾನೇ ಬೈದುಕೊಂಡಿದ್ದೇನೆ ಗೊತ್ತಾ? ನನ್ನ ನಾಲಗೆಯ ಚಪಲಕ್ಕೆ ಅವ್ವ ಮೂರು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀರು ಕುಡಿಯದೆ ಕೂತಳಲ್ಲ ಎಂದು ನಾಚಿಕೊಂಡಿದ್ದೇನೆ. ನೀನು ಆಸ್ಪತ್ರೆಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೊಡೆಯುತ್ತಿದ್ದೆ, ಬೈಯುತ್ತಿದ್ದೆ, ಮಾರನೆಯ ತಿಂಗಳು ಇಬ್ಬರೂ ಮತ್ತೆ ನುಡಿಸುತ್ತಿದ್ದೆವು. ಈಗ ಕಾರಣ ಗೊತ್ತಾದರೂ ಏನು ಬಂತು? ಅವ್ವನ ಹರಕೆ ಹರಕೆಯೇ. ಕೇಳಿದಳು, ದೇವರು ಕೊಟ್ಟ. ವೈರಿನ ಕತೆ ಹೇಳಿ ಅದನ್ನು ಅಳಿಸಲಾಗುವುದಿಲ್ಲ.

ಅವ್ವನಿಗೆ ಹೇಳಿಲ್ಲ. ಇನ್ನು ನೀನು ನನಗೆ ಕಾಗದ ಬರೆಯಬೇಡ.

ಓಬಳೇಶ್


ಚಳ್ಳಕೆರೆ
10 ಡಿಸೆಂಬರ್ 1997

ಓಬಳೇಶ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇದೊಂದೇ, ಆಮೇಲೆ ನಿಲ್ಲಿಸುತ್ತೇನೆ.

ನೀನು ಹೇಳಿದ್ದೆಲ್ಲ ಸರಿ. ಒಂದಕ್ಕೂ ಎದುರು ಮಾತಿಲ್ಲ. ಮೊನ್ನೆ ಜಂಬುಲಿಂಗಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಈಗ ಅವರಿಗೆ ಕಿವಿ ಮಂದ. ಆ ವಿಷಯವನ್ನು ಮೂರು ಸಲ ಕೂಗಿ ಹೇಳಬೇಕಾಯಿತು, ಬೀದಿಗೆಲ್ಲ ಕೇಳಿತು. ಅವರು, "ಅವನವ್ವಗೆ ಹೇಳಿದೀಯೇನೋ?" ಎಂದರು. ಇಲ್ಲ ಎಂದೆ. "ಮತ್ತೆ ನನ್ ಹತ್ರ ಯಾಕ್ ಬಂದೆ, ಅಲ್ಲಿಗೆ ಹೋಗು" ಎಂದು ಎದ್ದು ಒಳಗೆ ಹೋದರು. ರೇಣುಕಮ್ಮನಿಗೂ ಹೇಳಿದೆ. ಅವತ್ತು ರಾತ್ರಿ ಅವಳು ಗಿಟಾರುಗಳ ಮೇಲೆ ಸೀರೆ ಹೊದಿಸಲಿಲ್ಲ.

ಅವ್ವನಿಗೆ ಹೇಳು. ಸಂಕ್ರಾಂತಿಯೊಳಗೆ ನೀನು ಹೇಳದಿದ್ದರೆ ನಾನೇ ಬಂದು ನಿಮ್ಮ ಹೊಸ್ತಿಲ ಮುಂದೆ ನಿಂತು ಹೇಳುತ್ತೇನೆ. ನಿನ್ನನ್ನು ಹೆದರಿಸುತ್ತಿಲ್ಲ. ಅವರ ಕೈಯ ಮುದ್ದೆ ತಿಂದು ಸುಮ್ಮನೆ ಎದ್ದು ಬಂದದ್ದು ನನ್ನನ್ನು ಬಿಡುತ್ತಿಲ್ಲ.

ಗಿಟಾರ್ ಕೆಲಸ ಮಾಡಲು ಮನಸ್ಸಿಲ್ಲ. ಹತ್ತೂ ಮಂಚದ ಮೇಲಿವೆ. ಬಿಡಿಸಿ ಕಟ್ಟಿ ಚಂದ ಮಾಡಿದೆ, ಆದರೆ ನುಡಿಸಲು ನನಗೆ ಬರುವುದೇ ನಾಲ್ಕು ಸ್ವರ. ನಿನಗೂ ಅದು ಗೊತ್ತು. ಕೊಳ್ಳಲು ಬಂದವರಿಗೆ ಇಲ್ಲ ಎಂದು ಕಳಿಸುತ್ತೇನೆ. ಯಾರಿಗೆಂದು ಇಟ್ಟಿದ್ದೀಯ ಎಂದರೆ ಮೋಟಾರು ಸುತ್ತಲು ಕೂರುತ್ತೇನೆ.

ತಿಪ್ಪೇರುದ್ರ


ಸಿದ್ದಾಪುರ
18 ಜನವರಿ 1998

ತಿಪ್ಪೇರುದ್ರ ಅವರಿಗೆ,

ನಾನು ಸರ್ವಮಂಗಳ ಬರೆಯುತ್ತಿದ್ದೇನೆ. ಸಂಕ್ರಾಂತಿಯ ಹಿಂದಿನ ದಿನ ಇವರು ಅತ್ತೆಯವರ ಮುಂದೆ ಕೂತು ನಿಮ್ಮ ಸೆಪ್ಟೆಂಬರಿನ ಕಾಗದವನ್ನು ಓದಿ ಹೇಳಿದರು. ಇವತ್ತು ಇವರು ಕುರಿ ಕೊಟ್ಟಿಗೆಗೆ ಹೊದಿಸಲು ತೆಂಗಿನ ಗರಿ ತರಲು ಹೋಗಿದ್ದಾರೆ. ಅತ್ತೆ, "ಪೆನ್ ತಗಾ, ನಾನು ಹೇಳಿದ್ದು ಹೇಳ್ದಂಗೆ ಬರಿ, ನಿಂದು ಸೇರಿಸಬೇಡ" ಎಂದು ಕೂತಿದ್ದಾರೆ. ಇನ್ನು ಮುಂದಿನದು ಅವರ ಮಾತು.

"ಏನಪ್ಪಾ ತಿಪ್ಪೇರುದ್ರ. ನಾನು ಸೂರಮ್ಮ. ನೀನು ಮಾಡಿದ್ದೆಲ್ಲ ಕೇಳಿದೆ. ಹೊಟ್ಟೆ ಉರೀತು. ಅವತ್ತು ಮನೆಗೆ ಬಂದಾಗ್ಲೇ ಹೇಳಿದ್ರೆ ಆ ಮುದ್ದೆ ಕೋಲಲ್ಲೇ ನಾಲ್ಕು ಬಿಡ್ತಿದ್ದೆ. ಈಗ ಸಿಟ್ಟು ಇಳಿದೈತೆ, ಅದು ನಿನ್ನ ಪುಣ್ಯ.

ವೈರು ಕಿತ್ತೋನು ನೀನು. ಮೊಟ್ಟೆ ತಿಂದೋನು ಇವನು. ಎರಡೂ ತಪ್ಪೇ. ಇವನ ತಪ್ಪಿಗೆ ಇವನು ಹನ್ನೊಂದು ವರ್ಷ ಅಡ್ಡಬಿದ್ದಾನೆ. ಸಾಕು, ಆ ದೇವರಿಗೂ ಕೇಳಿ ಕೇಳಿ ಬೇಜಾರಾಗಿರ್ತೈತೆ. ನಿಂದು ಇನ್ನೂ ಬಾಕಿ ಐತೆ.

ಆದ್ರೆ ನಂಗೆ ನಿನಗಿಂತ ಇವನ ಮೇಲೇ ಸಿಟ್ಟು ಜಾಸ್ತಿ. ನಾನು ಬಿಟ್ಟಿದ್ದು ಆ ಕೆಂಪು ವಾದ್ಯನ. ನಾನು ಕುರಿ ಮಾರಿ ತಂದಿದ್ದು, ನಾನೇ ಬಿಟ್ಟೆ. ಇವನ ಕೈ ಬಿಟ್ಟೆ ಅಂತ ಯಾರಿಗೆ ಹೇಳಿದ್ದೆ? ದೇವರಿಗೆ ಒಂದು ಹೋರಿ ಬಿಟ್ರೆ ಮನೇಲಿ ಬೇಸಾಯ ನಿಲ್ಲಿಸ್ತಾರಾ? ಬೇರೆ ಜೋಡಿ ಕಟ್ಟಿ ಹೂಡಲ್ವಾ? ಮೇಷ್ಟ್ರಂತೆ ಮೇಷ್ಟ್ರು! ಒಂದು ದಿನ ಬಾಯಿಬಿಟ್ಟು, ಅವ್ವಾ, ಬೇರೇದು ನುಡಿಸ್ಲಾ ಅಂತ ಕೇಳಿದ್ರೆ ಬೇಡ ಅಂತಿದ್ನಾ? ಇವನು ಕೇಳಲಿಲ್ಲ. ಕೆಲಸ ಸಿಕ್ತು, ಆಸೆ ಬಿಟ್ಟೈತೆ ಅಂದ್ಕೊಂಡು ನಾನೂ ಸುಮ್ನಾದೆ. ಅದು ನನ್ನ ತಪ್ಪು. ನಿನ್ನೆ ಇವನು ಅಂಗಳದಾಗೆ ಮಕ್ಕಳಂಗೆ ಅತ್ತ. ನಾನೂ ಅತ್ತೆ.

ಈಗ ನಿನ್ನ ತಪ್ಪುಕಾಣಿಕೆ ಏನು ಅಂತ ಕೇಳು. ನಿನ್ ಹತ್ರ ಹತ್ತು ಇದಾವಂತಲ್ಲ. ಅದ್ರಾಗೆ ಚೆನ್ನಾಗಿರೋದು ಒಂದು, ನೀನು ಯಾರಿಗೂ ಕೊಡಲ್ಲ ಅಂತ ಇಟ್ಕೊಂಡಿರೋದು, ಅದನ್ನೇ ತಗಂಡು ಬಾ. ಆ ಗುಂಯ್ ಅನ್ನೋ ಡಬ್ಬಿನೂ ತಾ, ಮೈಕೂ ತಾ. ಬಂದು ನಮ್ಮ ಪಡಸಾಲೇಲಿ ನನ್ನ ಕಣ್ಣೆದುರಿಗೆ ವೈರು ಕೂಡಿಸು. ನೆಲದ ವೈರು ಎಲ್ಲಿ ಹೋಗ್ತೈತೆ, ಎಲ್ಲಿ ಕೂರ್ತೈತೆ, ನಂಗೆ ತೋರಿಸು. ಕೂಡಿಸಿದ್ ಮೇಲೆ ಒಂದು ಕೈಯಾಗೆ ತಂತಿ ಹಿಡಿ, ಬಾಯಿ ಮೈಕಿಗೆ ಕೊಡು. ಮೊದಲು ನೀನು. ನಾನು ನೋಡ್ತೀನಿ. ಆಮೇಲೆ ನನ್ನ ಮಗ."

ಅತ್ತೆಯವರ ಮಾತು ಇಷ್ಟು. ಕೆಳಗೆ ಅವರ ಹೆಬ್ಬೆಟ್ಟಿನ ಗುರುತಿದೆ.

ಅವರು ಎದ್ದು ಹೋದರು. ಸೇರಿಸಬೇಡ ಎಂದಿದ್ದರೂ ನನ್ನದು ಎರಡು ಸಾಲು ಸೇರಿಸುತ್ತಿದ್ದೇನೆ. ಈ ಮನೆಗೆ ನನ್ನನ್ನು ಕೊಡುವಾಗ ಎರಡು ಕಡೆಯಿಂದ ಗಂಡು ಬಂದಿತ್ತು. ಈ ಹುಡುಗ ಗಿಟಾರ್ ನುಡಿಸುತ್ತಾನಂತೆ, ರಾಂಪುರದಲ್ಲಿ ಜನ ಮರ ಹತ್ತಿ ಕೂತು ಕೇಳುತ್ತಿದ್ದರಂತೆ ಎಂದು ನಮ್ಮ ಚಿಕ್ಕಮ್ಮ ಹೇಳಿದರು. ಅದಕ್ಕೇ ನಾನು ಇವರನ್ನು ಒಪ್ಪಿದೆ. ಬರುವ ಮೇ ತಿಂಗಳಿಗೆ ಮದುವೆಯಾಗಿ ಒಂಬತ್ತು ವರ್ಷ. ಒಂದು ದಿನವೂ ಕೇಳಿಲ್ಲ. ನುಡಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಬರುವ ಭಾನುವಾರ ಬನ್ನಿ. ನಮ್ಮಲ್ಲಿ ಕರೆಂಟ್ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾತ್ರ ಇರುತ್ತದೆ. ದಯವಿಟ್ಟು ತಡಮಾಡಬೇಡಿ.

ಇಂತಿ
ಸರ್ವಮಂಗಳ